ನಾಲ್ಕು ಗಂಟಿನ ವೈರು

ಲಾರಿಯ ಬಣ್ಣ ಯಾವುದಾಗಿತ್ತು ಎನ್ನುವುದರಲ್ಲಿ ನಮ್ಮ ಮನೆಯಲ್ಲಿ ಇವತ್ತಿಗೂ ಒಮ್ಮತವಿಲ್ಲ. ನನ್ನ ನೆನಪಿನಲ್ಲಿ ಅದು ಹಸಿರು. ಅಮ್ಮ ಕಂದು ಎನ್ನುತ್ತಾಳೆ. ತಮ್ಮ ರಮೇಶ ನೀಲಿ ಎಂದು ಬಾಜಿ ಕಟ್ಟುತ್ತಾನೆ. ಆಗ ಅವನಿಗೆ ನಾಲ್ಕು ವರ್ಷ, ಹಾಗಾಗಿ ಅವನ ನೀಲಿಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಪ್ಪನನ್ನು ಈಗ ಕೇಳುವ ಹಾಗಿಲ್ಲ. ಬದುಕಿದ್ದಾಗಲೂ ಕೇಳುವ ಹಾಗಿರಲಿಲ್ಲ. ಅಪ್ಪನಿಗೆ ಕೆಂಪು, ಹಸಿರು, ಕಂದು ಮೂರೂ ಒಂದೇ ಮಣ್ಣಿನ ಹಾಗೆ ಕಾಣುತ್ತಿದ್ದವು. ಅವನು ಲಾರಿಗಳಿಗೆ ವೈರಿಂಗ್ ಮಾಡುತ್ತಿದ್ದ.

ಈ ಕೊನೆಯ ಎರಡು ಮಾತುಗಳನ್ನು ಒಟ್ಟಿಗೆ ಕೇಳಿದವರು ನಗುತ್ತಾರೆ, ಇಲ್ಲವೇ ಹೆದರುತ್ತಾರೆ. ನಮಗೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ. ತಿಲಕ್ ನಗರದ ತುದಿಯಲ್ಲಿ ನಮ್ಮದು ಎರಡು ಕೋಣೆಯ ಮನೆ, ಅದರ ಮುಂದೆ ತಗಡಿನ ಶೆಡ್ಡು. ಶೆಡ್ಡು ಮನೆಗಿಂತ ದೊಡ್ಡದು. ಲಾರಿ ಒಳಗೆ ಬಂದರೆ ಅದರ ಮೂತಿ ನಮ್ಮ ಬಾಗಿಲಿಗೆ ಎರಡು ಹೆಜ್ಜೆ ದೂರದಲ್ಲಿ ನಿಲ್ಲುತ್ತಿತ್ತು. ಸ್ಕೂಲಿಗೆ ಹೋಗಬೇಕೆಂದರೆ ಚೀಲವನ್ನು ಎದೆಗೆ ಹಿಡಿದುಕೊಂಡು ಬಂಪರಿಗೂ ಗೋಡೆಗೂ ನಡುವೆ ಅಡ್ಡಡ್ಡ ನುಸುಳಬೇಕು. ಅಪ್ಪ ಹೆಡ್‌ಲೈಟ್ ಹಾಕಿ ನೋಡಿದಾಗ ಬೆಳಕು ನೇರವಾಗಿ ಅಡುಗೆಮನೆಗೆ ಬೀಳುತ್ತಿತ್ತು. ಮುದ್ದೆ ತೊಳಸುತ್ತಿದ್ದ ಅಮ್ಮ ಕೋಲು ಬಿಡದೆ ಮುಖ ಮಾತ್ರ ತಿರುಗಿಸಿ, ಎಡಗಡೆಯದು ಮಂಕಾಗಿದೆ ನೋಡಿ ಅನ್ನುತ್ತಿದ್ದಳು. ನಾವು ಮಕ್ಕಳು ಉಪ್ಸಾರು ಮುದ್ದೆಯ ತಟ್ಟೆ ಹಿಡಿದು ಲಾರಿಯ ಫುಟ್‌ಬೋರ್ಡಿನ ಮೇಲೆ ಕೂತು ಉಣ್ಣುತ್ತಿದ್ದೆವು. ಊಟದ ಜಾಗ ಲಾರಿಯಿಂದ ಲಾರಿಗೆ ಬದಲಾಗುತ್ತಿತ್ತು. ಸ್ಕೂಲಿನಲ್ಲಿ ಒಮ್ಮೆ ನಿಮ್ಮ ಮನೆಯ ಚಿತ್ರ ಬರೆಯಿರಿ ಎಂದಾಗ ನಾನು ಲಾರಿಯನ್ನೂ ಸೇರಿಸಿ ಬರೆದೆ; ಟೀಚರು ಮನೆ ಎಲ್ಲಿ ಎಂದು ಕೇಳಿದರು.

ಅಪ್ಪನ ಕಣ್ಣಿನಿಂದ ಮನೆಯಲ್ಲಿ ಜಗಳಗಳು ಆಗುತ್ತಿದ್ದವು, ಆದರೆ ಅವು ಸಣ್ಣವು. ಕಾಯಿ ಟೊಮೇಟೊವನ್ನು ಹಣ್ಣೆಂದು ಆರಿಸಿ ತರುತ್ತಿದ್ದ. ಅಮ್ಮನಿಗೆ ಹಸಿರು ರವಿಕೆ ಬಟ್ಟೆ ತರುತ್ತೇನೆಂದು ಹೋಗಿ ಗೋಣಿಚೀಲದ ಬಣ್ಣದ್ದನ್ನು ತಂದು, ಅಮ್ಮ ಅದನ್ನೇ ಹೊಲಿಸಿ ತೊಟ್ಟು ಹಬ್ಬದ ದಿನವೆಲ್ಲ ಅವನ ಮುಂದೆ ಬೇಕೆಂದೇ ಓಡಾಡಿದ್ದು ನನಗೆ ನೆನಪಿದೆ. ದೊಡ್ಡ ಪೆಟ್ಟು ಬಿದ್ದಿದ್ದು ನಾನು ಹುಟ್ಟುವ ಮುಂಚೆ. ಅಪ್ಪ ಆಗ ಬೇರೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕೆಂಪು ವೈರಿಗೆ ಹಸಿರನ್ನು ಸೇರಿಸಿದ್ದರಿಂದ ಒಂದು ಲಾರಿ ಬ್ರೇಕ್ ಒತ್ತಿದಾಗಲೆಲ್ಲ ಹಾರ್ನ್ ಹೊಡೆಯತೊಡಗಿತು. ಇಡೀ ಬೀದಿ ನಕ್ಕಿತು, ಮಾಲೀಕ ಮಾತ್ರ ನಗಲಿಲ್ಲ. ಗಮನವಿಲ್ಲದವನು ಎಂದು ಬೈದು ಕಳಿಸಿದಾಗ ಅಪ್ಪ ಕಾರಣ ಹೇಳಲಿಲ್ಲ. ಗಮನವಿಲ್ಲದವನಿಗೆ ಇನ್ನೊಂದು ಕಡೆ ಕೆಲಸ ಸಿಗುತ್ತದೆ, ಬಣ್ಣ ಕಾಣದವನಿಗೆ ಸಿಗುವುದಿಲ್ಲ. ಅವತ್ತಿನಿಂದ ಅದು ನಮ್ಮ ಮನೆಯೊಳಗಿನ ಮಾತಾಯಿತು, ಹೊಸ್ತಿಲು ದಾಟಲಿಲ್ಲ.

ಉಪಾಯ ಕಂಡುಹಿಡಿದವಳು ಅಮ್ಮ. ಅವಳು ಜಯನಗರದ ಒಂದು ಹೂವಿನ ಅಂಗಡಿಗೆ ಕನಕಾಂಬರ, ಮಲ್ಲಿಗೆ ಕಟ್ಟಿಕೊಡುತ್ತಿದ್ದಳು. ಹೂ ಕಟ್ಟುವ ದಾರಕ್ಕೆ ಮೇಣದ ಬತ್ತಿ ತಿಕ್ಕಿ, ಪ್ರತಿ ವೈರಿನ ಎರಡೂ ತುದಿಗೆ ಸುತ್ತಿ ಗಂಟು ಹಾಕತೊಡಗಿದಳು. ಕೆಂಪಿಗೆ ಒಂದು ಗಂಟು, ಹಸಿರಿಗೆ ಎರಡು, ಹಳದಿಗೆ ಮೂರು, ಕಪ್ಪಿಗೆ ನಾಲ್ಕು. ಹಳದಿ, ಕಪ್ಪು ಅಪ್ಪನಿಗೆ ಚೆನ್ನಾಗಿಯೇ ಕಾಣುತ್ತಿದ್ದವು, ಆದರೂ ಲೆಕ್ಕ ಅರ್ಧಂಬರ್ಧ ಇರಬಾರದೆಂದು ಅವಕ್ಕೂ ಹಾಕಿದಳು. ಅಪ್ಪ ಬೆರಳಿನಲ್ಲಿ ಓದುತ್ತಿದ್ದ. ಡ್ಯಾಶ್‌ಬೋರ್ಡಿನ ಹಿಂದೆ ಕೈ ತೂರಿಸಿ, ಮುಖ ಬೇರೆಲ್ಲೋ ತಿರುಗಿಸಿಕೊಂಡು, ಡ್ರೈವರುಗಳ ಜೊತೆ ಮಾತಾಡುತ್ತಲೇ ಬೇಕಾದ ವೈರನ್ನು ಹೊರಗೆಳೆಯುತ್ತಿದ್ದ. ಶಿವಣ್ಣ ಕಣ್ಮುಚ್ಚಿಕೊಂಡು ವೈರು ಹಿಡೀತಾನೆ ಎನ್ನುವ ಹೆಸರು ಬನಶಂಕರಿಯವರೆಗೂ ಹೋಗಿತ್ತು. ಆ ಹೆಸರಿನಲ್ಲಿ ಅರ್ಧ ಅಮ್ಮನದು ಎಂದು ಮನೆಯವರಿಗೆ ಮಾತ್ರ ಗೊತ್ತಿತ್ತು. ಹೊರಗಿನವರು ಬಂದಾಗ ಅಮ್ಮ ಬಾಗಿಲಲ್ಲಿ ಹೂ ಕಟ್ಟುತ್ತಾ ಕೂತಿರುತ್ತಿದ್ದಳು, ಅವಳ ಮಡಿಲಲ್ಲಿ ಹೂವಿನ ಕೆಳಗೆ ಲಾರಿಯ ವೈರುಗಳು ಇರುತ್ತಿದ್ದವು.

ಗಂಟು ಹಾಕುವುದು ನಮ್ಮಲ್ಲಿ ಪೂಜೆಯಂಥದ್ದೇ ಒಂದು ಕೆಲಸ. ಹಳೆಯ ಲಾರಿಯ ವೈರುಗಳ ಕಟ್ಟನ್ನು ಪೂರ್ತಿ ಹೊರತೆಗೆದು ಎರಡೂ ಕೋಣೆಗಳ ಉದ್ದಕ್ಕೆ ನೆಲದ ಮೇಲೆ ಹಾಸುತ್ತಿದ್ದರು. ಅದನ್ನು ದಾಟಿಯೇ ನೀರು ತರಬೇಕು, ದಾಟಿಯೇ ಹಾಸಿಗೆ ಹಾಸಬೇಕು, ತುಳಿದರೆ ಮುಟ್ಟಿ ನಮಸ್ಕಾರ ಮಾಡಬೇಕು. ಬೆಳಗಿನ ಬಿಸಿಲು ಕಿಟಕಿಯಿಂದ ಬರುವ ಹೊತ್ತಿಗೆ ಅಮ್ಮ ಸ್ನಾನ ಮಾಡಿ ಕೂರುತ್ತಿದ್ದಳು. ಅವಳು ಎಣಿಸುವಾಗ ಯಾರೂ ಮಾತಾಡುವ ಹಾಗಿಲ್ಲ. ಒಮ್ಮೆ ಹಾಕಿದ ಗಂಟನ್ನು ಮತ್ತೆ ಪ್ರಶ್ನೆ ಮಾಡುವ ಹಾಗಿಲ್ಲ. ಗಂಟು ಬಿದ್ದ ಮೇಲೆ ಮಾತಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಅವನಿಗೆ ಬೇರೆ ದಾರಿಯೂ ಇರಲಿಲ್ಲ, ಹಾಕಿದ ಗಂಟನ್ನು ನಂಬದೆ ಅವನು ಒಂದು ಬಲ್ಬನ್ನೂ ಹಚ್ಚಲಾರ. ನನ್ನ ಕೆಲಸ ಟೆಸ್ಟ್ ಬಲ್ಬು ಹಿಡಿಯುವುದು. ಬಲ್ಬಿನ ಒಂದು ತುದಿ ಬ್ಯಾಟರಿಗೆ, ಇನ್ನೊಂದನ್ನು ಹುಡುಕುತ್ತಿರುವ ವೈರಿಗೆ ಮುಟ್ಟಿಸಬೇಕು. ಬಲ್ಬು ಹತ್ತಿದರೆ 'ಬಂತು', ಹತ್ತದಿದ್ದರೆ 'ಇಲ್ಲ' ಎಂದು ಕೂಗಬೇಕು. ಐದನೇ ಕ್ಲಾಸಿನ ಹುಡುಗಿಗೆ ಅದಕ್ಕಿಂತ ದೊಡ್ಡ ಅಧಿಕಾರ ಇನ್ನೇನು ಬೇಕು? ಆರನೇ ಕ್ಲಾಸೂ ಇರಬಹುದು.

ಚಿಕ್ಕಲಸಂದ್ರದ ಗೋವಿಂದಪ್ಪನ ಲಾರಿ ಬಂದದ್ದು ಆಗ. ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾದ ಮೇಲೆ ಲಾರಿಗಳನ್ನು ಕೊಂಡು ಮರಳು, ಇಟ್ಟಿಗೆ ಸಾಗಿಸುತ್ತಿದ್ದ ಮನುಷ್ಯ. ದಪ್ಪ ಮೀಸೆ, ಮೆತ್ತಗಿನ ದನಿ. ಅವನ ಬಳಿ ಮೂರು ಲಾರಿ ಇದ್ದವು, ಇದು ನಾಲ್ಕನೆಯದು. ಹುಳಿಮಾವಿನ ಕಡೆಯ ಇಟ್ಟಿಗೆ ಗೂಡಿನವನೊಬ್ಬನಿಂದ ಕೊಂಡ ಹಳೇ ಗಾಡಿ. ಸೋಮವಾರ ಆರ್‌ಟಿಓದಲ್ಲಿ ಗಾಡಿ ಓಡಲು ಯೋಗ್ಯ ಅನ್ನುವ ಎಫ್‌ಸಿಗೆ ತೋರಿಸಬೇಕು, ಅಷ್ಟರೊಳಗೆ ವೈರಿಂಗ್ ಎಲ್ಲ ಹೊಸದಾಗಬೇಕು ಅಂದ. ಇದು ಸರಿಹೋದರೆ ಉಳಿದ ಮೂರೂ ನಿನ್ನ ಶೆಡ್ಡಿಗೇ ಬರುತ್ತವೆ ಎಂದೂ ಸೇರಿಸಿದ. ಅಪ್ಪ ಆ ಮಾತನ್ನು ಮನೆಯಲ್ಲಿ ಒಂದೇ ಸಲ ಹೇಳಿದ. ಅಮ್ಮ ಮಾರನೆಯ ದಿನ ದಾರದ ಹೊಸ ಉಂಡೆ ತಂದಳು.

ಹಳೆಯ ಕಟ್ಟು ಹೊರಬಂತು, ಒಂದು ವೈರು ಬಿಟ್ಟು. ಅದರ ಒಂದು ತುದಿ ಡ್ಯಾಶ್‌ಬೋರ್ಡಿನ ಕೆಳಗೆ ಯಾವುದಕ್ಕೂ ಸೇರದೆ ಜೋತಾಡುತ್ತಿತ್ತು. ಅಲ್ಲಿಂದ ಕ್ಯಾಬಿನ್ನಿನ ನೆಲದ ತೂತಿನಲ್ಲಿ ಇಳಿದು, ಕೆಳಗೆ ಚಾಸಿ ಅನ್ನುವ ಕಬ್ಬಿಣದ ಚೌಕಟ್ಟಿಗೆ ಅಂಟಿಕೊಂಡ ಪೈಪುಗಳ ಜೊತೆ ಟೇಪು, ಡಾಂಬರು, ವರ್ಷಗಟ್ಟಲೆಯ ಗ್ರೀಸಿನ ಒಳಗೆ ಕಾಣೆಯಾಗುತ್ತಿತ್ತು. ಎಳೆದರೆ ಬರಲಿಲ್ಲ. ಅದರ ಬಣ್ಣ ಅಮ್ಮನಿಗೂ ತಿಳಿಯಲಿಲ್ಲ. ಸೀಮೆಎಣ್ಣೆಯಲ್ಲಿ ಉಜ್ಜಿದಳು, ಒಳಗಿನಿಂದಲೂ ಕೊಳೆಯೇ ಬಂತು. ಶನಿವಾರ ಹೊಸ ವೈರಿಂಗ್ ಮುಗಿದು ಎಲ್ಲ ದೀಪಗಳೂ ಉರಿದ ಮೇಲೆ ಅಪ್ಪ ಈ ಅನಾಥ ವೈರನ್ನು ನೋಡು ಅಂದ. ನಾನು ಬಲ್ಬು ಮುಟ್ಟಿಸಿದೆ. ಹತ್ತಿತು. ಬಂತು ಅಂದೆ. ಹತ್ತಿತು ಎಂದರೆ ಅದು ಎಲ್ಲೋ ಹೋಗಿ ಲಾರಿಯ ಕಬ್ಬಿಣಕ್ಕೇ ಸೇರಿದೆ, ಅಂದರೆ ಅರ್ತ್. ಅರ್ತ್ ವೈರಿಗೆ ಕಪ್ಪಿನ ಲೆಕ್ಕ. ಅಮ್ಮ ನಾಲ್ಕು ಗಂಟು ಹಾಕಿದಳು, ಅಪ್ಪ ತುದಿಗೆ ಟೇಪು ಸುತ್ತಿ ಬಿಟ್ಟ. ಬೇರೆ ಯಾವ ಶೆಡ್ಡಿನಲ್ಲಾದರೂ ಅದರ ಇನ್ನೊಂದು ತುದಿಯನ್ನು ಯಾರಾದರೂ ಹುಡುಕುತ್ತಿದ್ದರೇನೋ. ನಮ್ಮಲ್ಲಿ ಗಂಟು ಬಿದ್ದಾಗಿತ್ತು.

ಭಾನುವಾರ ಬೆಳಿಗ್ಗೆ ಗೋವಿಂದಪ್ಪ ನಿಂಬೆಹಣ್ಣು, ಕರ್ಪೂರ ತೆಗೆದುಕೊಂಡು ಗಾಡಿ ಒಯ್ಯಲು ಬಂದ. ಬ್ಯಾಟರಿ ಚಾರ್ಜ್ ಆಗಲಿ ಎಂದು ಅಪ್ಪ ಇಂಜಿನ್ನು ಚಾಲೂ ಮಾಡಿ ಬಿಟ್ಟಿದ್ದ. ಎರಡು ದಿನದ ನಂತರ ಮೊದಲ ಸಲ. ಇಬ್ಬರೂ ಬಾಗಿಲಲ್ಲಿ ಕಾಫಿ ಕುಡಿಯುತ್ತಿದ್ದರು. ನಾನು ಕ್ಯಾಬಿನ್ನಿನೊಳಗಿದ್ದೆ. ಯಾಕೆ ಆ ವೈರನ್ನು ಮತ್ತೆ ಮುಟ್ಟಿದೆ? ಈ ಪ್ರಶ್ನೆಗೆ ನಾನು ಬೇರೆಬೇರೆ ವಯಸ್ಸಿನಲ್ಲಿ ಬೇರೆಬೇರೆ ಉತ್ತರ ಕೊಟ್ಟಿದ್ದೇನೆ. ಅನುಮಾನ ಬಂತು ಎಂದು ಒಮ್ಮೆ ಬರೆದೂ ಇದ್ದೇನೆ. ಅದು ಸುಳ್ಳು. ಬಲ್ಬು ಹತ್ತುವುದನ್ನು ನೋಡಲು ಚೆಂದ, ಅಷ್ಟೇ. ಆಟಕ್ಕೆ ಟೇಪು ಬಿಚ್ಚಿ ಮುಟ್ಟಿಸಿದೆ.

ಹತ್ತಲಿಲ್ಲ. ಒತ್ತಿ ಹಿಡಿದೆ, ಹತ್ತಲಿಲ್ಲ. ಬಲ್ಬು ಸುಟ್ಟಿರಬೇಕೆಂದು ಪಕ್ಕದ ಕಬ್ಬಿಣಕ್ಕೆ ಮುಟ್ಟಿಸಿದೆ, ಝಗ್ಗನೆ ಹತ್ತಿತು. ಮತ್ತೆ ವೈರಿಗೆ, ಇಲ್ಲ. ಅರ್ತ್ ಅನ್ನುವುದು ನಿನ್ನೆ ಇದ್ದು ಇವತ್ತು ಇಲ್ಲದಿರುವ ವಸ್ತುವಲ್ಲ ಎಂದು ನನಗೂ ಗೊತ್ತಿತ್ತು. ಕೆಳಗೆ ಗೋವಿಂದಪ್ಪ ಲೋಟ ಇಟ್ಟು ಚಕ್ರದಡಿ ನಿಂಬೆಹಣ್ಣು ಇಡಲು ಏಳುತ್ತಿದ್ದ. ಬಾಯಿ ಬಿಟ್ಟರೆ ಅಮ್ಮನ ಗಂಟು ಸುಳ್ಳಾಗುತ್ತದೆ, ಅದೂ ಹೊರಗಿನವನ ಮುಂದೆ. ಮೂರು ಲಾರಿಗಳು ಬರುವ ಮುಂಚೆಯೇ ಹೊರಟುಹೋಗುತ್ತವೆ. ಸುಮ್ಮನಿದ್ದರೆ ಏನಾಗುತ್ತದೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಒಂದೇ ವಿಷಯಕ್ಕೆ ಹೆದರಿ ಕೆಳಗಿಳಿದೆ.

"ಅಪ್ಪ, ನಾಲ್ಕು ಗಂಟಿಂದು ಬರ್ತಿಲ್ಲ."

"ನಿನ್ನೆ ಬಂತಲ್ಲ."

"ನಿನ್ನೆ ಬಂತು. ಇವತ್ತು ಇಲ್ಲ."

ಗೋವಿಂದಪ್ಪ ನಕ್ಕ. ಲೈಟು ಉರಿಯುತ್ತದೆ, ಹಾರ್ನ್ ಬಡಿಯುತ್ತದೆ, ಮಗುವಿನ ಮಾತು ಕಟ್ಟಿಕೊಂಡು ಯಾಕೆ ತಲೆ ಕೆಡಿಸಿಕೊಳ್ಳುತ್ತೀಯ, ಆ ಹಾಳು ವೈರನ್ನು ಕತ್ತರಿಸಿ ಎಸೆದರೆ ಆಯಿತು ಅಂದ. ಅಪ್ಪ ಅವನ ಕಡೆ ನೋಡಲಿಲ್ಲ. ನನ್ನೆದುರು ಕುಕ್ಕರಗಾಲಿನಲ್ಲಿ ಕೂತ.

"ಎಷ್ಟು ಸಲ ನೋಡ್ದೆ?"

"ಮೂರು ಸಲ. ಬಾಡಿಗೂ ಮುಟ್ಸಿ ನೋಡ್ದೆ. ಬಲ್ಬು ಸರಿಯಾಗೈತೆ."

ಅಪ್ಪ ತಾನೇ ಹತ್ತಿ ನೋಡಬಹುದಿತ್ತು. ಹತ್ತು ಹೆಜ್ಜೆಯ ಕೆಲಸ. ಅವನು ಎದ್ದು ನಿಂತ.

"ಗೋವಿಂದಪ್ಪನೋರೇ, ಗಾಡಿ ಈಗ ಹೋಗಲ್ಲ."

"ಇವಳು ಹೇಳಿದ್ಳು ಅಂತಾನಾ?"

"ಹೂಂ. ಇವಳು ಹೇಳಿದ್ಳು ಅಂತಾನೇ."

ಅದಾದ ಮೇಲೆ ನನ್ನ ಬದುಕಿನಲ್ಲಿ ಕೆಲವು ಮೆಚ್ಚುಗೆಯ ಮಾತುಗಳು ಬಂದಿವೆ, ವೇದಿಕೆಯ ಮೇಲೆ ಶಾಲು ಹೊದಿಸಿ ಹೇಳಿದವೂ ಇವೆ. ಯಾವುದೂ ಈ ಮಾತಿನಷ್ಟು ಎತ್ತರಕ್ಕೆ ನನ್ನನ್ನು ಎತ್ತಿಲ್ಲ. ಅಪ್ಪ ಹಾಗೆಯೇ ಹೇಳಿದನೇ ಎಂದು ಅನುಮಾನಿಸಿ ಮೊನ್ನೆ ಅಮ್ಮನನ್ನು ಕೇಳಿದೆ. ನಮ್ಮ ಜೆ.ಪಿ. ನಗರದ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸೊಪ್ಪು ಬಿಡಿಸುತ್ತಿದ್ದವಳು, ಹಾಗೇ ಹೇಳಿದ್ದು, ಆದರೆ ಹೇಳುವಾಗ ಖಾಲಿ ಲೋಟವನ್ನು ಇಡದೆ ಹಿಡಿದುಕೊಂಡೇ ಇದ್ದರು, ಅದನ್ನೂ ಬರಿ ಅಂದಳು. ಬರೆದಿದ್ದೇನೆ.

ಗೋವಿಂದಪ್ಪನಿಗೆ ಸಿಟ್ಟು ಬಂತು. ಕ್ಯಾಬಿನ್ನಿಗೆ ಹತ್ತಿ ತಾನೇ ಆ ವೈರನ್ನು ಎಳೆಯಲು ಹೋದವನಿಗೆ ಡ್ಯಾಶ್‌ಬೋರ್ಡಿನ ಕೆಳಗೆ ಬಿಳಿ ದಾರಗಳು ಕಂಡವು. ಒಂದಲ್ಲ, ನಲವತ್ತೋ ಐವತ್ತೋ. ಎಲ್ಲದಕ್ಕೂ ಗಂಟು. ಅವನು ನಿಧಾನವಾಗಿ ಇಳಿದು ಬಂದ.

"ಇದೇನು ಶಿವಣ್ಣ, ದಾರ ಕಟ್ಟಿದ್ದೀಯ? ನನ್ನ ಗಾಡಿಗೆ ಮಾಟ ಗೀಟ ಮಾಡ್ಸಿದ್ದೀಯೇನು?"

ಅರ್ಧ ತಮಾಷೆ, ಅರ್ಧ ಅಲ್ಲ. ಅಪ್ಪ ಯಾವುದಾದರೂ ಸುಳ್ಳು ಹೇಳಿ ಪಾರಾಗಬಹುದಿತ್ತು, ದೇವರ ಹರಕೆ ಎಂದರೂ ಗೋವಿಂದಪ್ಪ ನಂಬುತ್ತಿದ್ದ. ಆಗ ಅಮ್ಮ ಬಾಗಿಲಿನಿಂದ ಎದ್ದು ಬಂದಳು. ಅವಳ ಮಡಿಲಿನಿಂದ ಕನಕಾಂಬರ ಉದುರುತ್ತಿತ್ತು.

"ಮಾಟ ಅಲ್ಲ ಅಣ್ಣ. ನಮ್ಮೋರಿಗೆ ಕೆಂಪು ಹಸಿರು ಗೊತ್ತಾಗಲ್ಲ. ಬಣ್ಣ ನೋಡೋಳು ನಾನು, ಗಂಟು ಹಾಕೋಳು ನಾನು. ಅವರು ಬೆರಳಲ್ಲಿ ಹಿಡೀತಾರೆ. ಈ ನಾಲ್ಕು ಗಂಟೂ ನಾನೇ ಹಾಕಿದ್ದು. ತಪ್ಪು ಹಾಕಿದ್ದೀನಿ."

"ತಪ್ಪು ಅವಳದ್ದಲ್ಲ," ಅಂದ ಅಪ್ಪ. "ಇನ್ನೊಂದು ತುದಿ ನೋಡ್ದೆ ಹಾಕು ಅಂದೋನು ನಾನು."

ಇಂಜಿನ್ನು ಓಡುತ್ತಲೇ ಇತ್ತು. ಅಷ್ಟು ವರ್ಷ ಹೊಸ್ತಿಲು ದಾಟದ ಮಾತು ದಾಟಿ ಹೊರಗೆ ನಿಂತಿತ್ತು, ಈಗ ಗೋವಿಂದಪ್ಪ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. ಅವನು ಏನು ಮಾಡಿದ ಎನ್ನುವುದರಲ್ಲಿ ನಾವು ಮೂವರೂ ಮೂರು ತರ ಹೇಳುತ್ತೇವೆ. ರಮೇಶನ ಪ್ರಕಾರ ಅವನು ರಸ್ತೆಯವರೆಗೆ ನಡೆದುಹೋಗಿ ತಿರುಗಿ ಬಂದ. ಅಮ್ಮನ ಪ್ರಕಾರ ಇನ್ನೊಂದು ಲೋಟ ಕಾಫಿ ಕೇಳಿದ. ನನಗೆ ಕಾಣುವುದು ಇಷ್ಟೇ: ನಿಂಬೆಹಣ್ಣು ಕೈಯಲ್ಲಿ ಹಿಡಿದುಕೊಂಡೇ ಒಂದು ಹಳೇ ಟೈರಿನ ಮೇಲೆ ಕೂತ, ಅಮ್ಮನನ್ನು ಒಮ್ಮೆ, ದಾರವನ್ನು ಒಮ್ಮೆ ನೋಡಿದ.

"ಹುಡುಕಿ ಮತ್ತೆ," ಅಂದ. "ನಾನು ಕೂತಿರ್ತೀನಿ."

ಅಪ್ಪ ಇಂಜಿನ್ನು ನಿಲ್ಲಿಸಿದ. ಡ್ರೈವರ್ ಸೀಟಿನಲ್ಲಿ ಕೂತು ಯೋಚಿಸತೊಡಗಿದ. ಯೋಚಿಸುವಾಗ ಕಾಲಿನಡಿ ಸಿಕ್ಕಿದ್ದನ್ನು ಒತ್ತುತ್ತಿರುವುದು ಅವನ ಅಭ್ಯಾಸ. ಬ್ರೇಕನ್ನು ಒತ್ತಿದ, ಬಿಟ್ಟ, ಒತ್ತಿದ. ಲಾರಿಯ ಬ್ರೇಕು ಹಿಡಿಯುವುದೇ ಗಾಳಿಯ ಬಲದಿಂದ, ಪ್ರತಿ ಸಲ ಕೆಳಗಿನಿಂದ ಬುಸ್ಸೆಂದು ಗಾಳಿ ಹೊರಡುತ್ತಿತ್ತು. ನಾನು ಬಲ್ಬನ್ನು ಆ ವೈರಿಗೆ ಒತ್ತಿ ಹಿಡಿದೇ ಇದ್ದೆ. ಎಂಟು ಹತ್ತು ಸಲ ಬುಸ್ಸೆಂದ ಮೇಲೆ ಬಲ್ಬು ತಾನಾಗಿಯೇ ಹತ್ತಿತು. ಬಂತು ಎಂದು ಕೂಗಿದೆ. ಅಪ್ಪ ನನ್ನ ಕಡೆ ನೋಡಿದ, ನಾನು ಏನೂ ಮಾಡಿಲ್ಲ ಅಂದೆ. ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದ ಅಮ್ಮ ಹೇಳಿದಳು:

"ರೀ, ಗಾಳಿ ಖಾಲಿ ಆದ್ಮೇಲೆ ಬಂತು ಅದು. ನಿನ್ನೆ ಇಂಜಿನ್ನು ಹಾಕಿರಲಿಲ್ಲ, ನಿನ್ನೇನೂ ಗಾಳಿ ಇರಲಿಲ್ಲ."

ಮತ್ತೆ ಇಂಜಿನ್ನು ಹಾಕಿ ಕಾದರು. ಗಾಳಿ ತುಂಬಿತು, ಬಲ್ಬು ಆರಿತು. ನಿಲ್ಲಿಸಿ ಬ್ರೇಕ್ ಒತ್ತಿ ಒತ್ತಿ ಗಾಳಿ ಬಿಟ್ಟರು, ಹತ್ತಿತು. ಮೂರು ಸಲ ಹೀಗೆ. ಅಪ್ಪ ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದ. ಡಾಂಬರು ಮೆತ್ತಿದ ಪೈಪಿನ ಮೇಲೆ ಬೆರಳಿಟ್ಟು, ಕುರುಡರು ಗೋಡೆ ಹಿಡಿದು ಹೋಗುವ ಹಾಗೆ, ಅಂಗುಲ ಅಂಗುಲ ಹೋದ. ಬ್ರೇಕಿನ ಗಾಳಿ ತುಂಬುವ ಟ್ಯಾಂಕಿನ ಹಿಂಬದಿಯಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಅಡಿಕೆ ಗಾತ್ರದ ಒಂದು ಸ್ವಿಚ್ಚು ಅವನ ಬೆರಳಿಗೆ ಸಿಕ್ಕಿತು. ಟ್ಯಾಂಕು ಬೇರೆ ಯಾವುದೋ ಗಾಡಿಯದು, ಎಂದೋ ತಂದು ಕೂರಿಸಿದ್ದು. ಹಾಗಾಗಿ ಸ್ವಿಚ್ಚು ಇರಬೇಕಾದ ಕಡೆ ಇರಲಿಲ್ಲ. ಬ್ರೇಕಿಗೆ ಬೇಕಾದ ಗಾಳಿ ಕಡಿಮೆಯಾದರೆ ಡ್ರೈವರಿಗೆ ಹೇಳುವುದು ಅದರ ಕೆಲಸ. ಹೇಳಬೇಕಾದ ದೀಪವನ್ನು ಯಾರೋ ಕಿತ್ತಿದ್ದರು, ಡ್ಯಾಶ್‌ಬೋರ್ಡಿನ ಆ ತೂತಿನ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿದ್ದರು.

ಅಪ್ಪ ಗೋವಿಂದಪ್ಪನಿಗೆ ಎಲ್ಲವನ್ನೂ ವಿವರಿಸಿದ. ಆಮೇಲೆ ಗೋವಿಂದಪ್ಪ, ಗಾಡಿ ಮಾರಿದವನು ತನಗೆ ಹೇಳಿದ್ದ ಮಾತನ್ನು ಹೇಳಿದ. ದಿನಾ ಬೆಳಿಗ್ಗೆ ಒಂದು ಬಜರ್ ಕುಯ್ಯೋ ಅಂತಿತ್ತಂತೆ, ಒಂದು ಕೆಂಪು ದೀಪ ಉರೀತಿತ್ತಂತೆ, ಕಿರಿಕಿರಿ ಅಂತ ಎರಡರ ಬಾಯೂ ಮುಚ್ಚಿಸಿದನಂತೆ. ಅದನ್ನು ಕೇಳಿ ತಾನೂ ನಕ್ಕಿದ್ದೆ ಅಂದ. ಮರಳಿನ ಲೋಡಿನ ಮೇಲೆ ಆಳುಗಳು ಕೂತು ಬರುತ್ತಾರೆ, ಹೆಂಗಸರೂ ಇರುತ್ತಾರೆ, ಬನ್ನೇರುಘಟ್ಟ ರಸ್ತೆಯ ಇಳಿಜಾರಿನಲ್ಲಿ ಅಂದ. ಮಾತು ಮುಗಿಸಲಿಲ್ಲ. ಅಮ್ಮ ನಾಲ್ಕು ಗಂಟನ್ನು ಬಿಚ್ಚಲು ಕೂತಳು. ಮೇಣ ಹಿಡಿದಿತ್ತು, ಹಲ್ಲಿನಲ್ಲಿ ಕಚ್ಚಿ ಬಿಚ್ಚಬೇಕಾಯಿತು. ನಮ್ಮ ಮನೆಯಲ್ಲಿ ಹಾಕಿದ ಗಂಟು ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅವಳ ಮುಖದಲ್ಲಿ ನಾಚಿಕೆ ಇತ್ತು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಇರಲಿಲ್ಲ. ಕೊಳೆತ ಹೂವನ್ನು ಮಾಲೆಯಿಂದ ತೆಗೆಯುವಾಗ ಅವಳ ಮುಖ ಹೇಗಿರುತ್ತಿತ್ತೋ ಹಾಗೇ ಇತ್ತು. ಅವತ್ತಿನಿಂದ ಮನೆಯ ಕ್ರಮ ಬದಲಾಯಿತು. ಗಂಟು ಹಾಕಿದ ಮಾರನೆಯ ದಿನ ಎಲ್ಲವನ್ನೂ ಇನ್ನೊಮ್ಮೆ ನೋಡಬೇಕು, ಇಂಜಿನ್ನು ಓಡುವಾಗಲೂ, ನಿಂತಿರುವಾಗಲೂ. ನೋಡುವವಳು ನಾನು.

ಗೋವಿಂದಪ್ಪನ ಉಳಿದ ಲಾರಿಗಳು ಒಂದೊಂದಾಗಿ ಬಂದವು. ಅಪ್ಪನ ಕಣ್ಣಿನ ಸುದ್ದಿಯನ್ನು ಅವನೇ ನಾಲ್ಕು ಕಡೆ ಹೇಳಿದ, ಮುಚ್ಚಿಡುವ ಮಾತೆಂದು ಅವನಿಗೆ ತೋರಲೇ ಇಲ್ಲ. ಕೆಲವರು ಬರುವುದು ಬಿಟ್ಟರು. ಬಂದವರು ಶೆಡ್ಡಿಗೆ ಕಾಲಿಡುವ ಮುಂಚೆ ಅಕ್ಕ ಇದ್ದಾರಾ ಎಂದು ಕೇಳತೊಡಗಿದರು.

ಆದರೆ ಇದೆಲ್ಲ ಆಮೇಲಿನದು. ಆ ಭಾನುವಾರ ಮಧ್ಯಾಹ್ನ ಅಪ್ಪ ಸ್ಟಿಕ್ಕರನ್ನು ಹರಿಯದ ಹಾಗೆ ಬಿಡಿಸಿ ಪಕ್ಕಕ್ಕೆ ಅಂಟಿಸಿ, ತೂತಿನಲ್ಲಿ ಒಂದು ಪುಟ್ಟ ಕೆಂಪು ದೀಪ ಕೂರಿಸಿ ಆ ವೈರಿಗೆ ಸೇರಿಸಿದ. ಚಾವಿ ತಿರುಗಿಸಿದ, ದೀಪ ಉರಿಯಿತು. ಇಂಜಿನ್ನು ಹಾಕಿದ. ಇನ್ನು ಗಾಳಿ ತುಂಬಿದ ಮೇಲೆ ಅದು ಆರಬೇಕು. ಗಾಜಿನಿಂದ ಬಿಸಿಲು ನೇರವಾಗಿ ದೀಪದ ಮೇಲೆ ಬೀಳುತ್ತಿತ್ತು. ಅಂಥ ಬೆಳಕಿನಲ್ಲಿ ಕೆಂಪು ಉರಿಯುತ್ತಿದೆಯೋ ಆರಿದೆಯೋ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಹಿಂದಿನ ದಿನಗಳಲ್ಲಾಗಿದ್ದರೆ ಅವನು ಪಕ್ಕದಲ್ಲಿ ಕೂತ ನನ್ನ ಕಾಲನ್ನು ಮೆಲ್ಲಗೆ ತಟ್ಟುತ್ತಿದ್ದ, ನಾನು ತಲೆ ಆಡಿಸುತ್ತಿದ್ದೆ, ಅವನೇ ಗಟ್ಟಿಯಾಗಿ ಉತ್ತರ ಕೊಡುತ್ತಿದ್ದ. ಕೆಳಗೆ ಟ್ಯಾಂಕಿನ ಹತ್ತಿರ ನಿಂತಿದ್ದ ಗೋವಿಂದಪ್ಪ ಕೂಗಿ ಕೇಳಿದ.

"ಆರಿತಾ ಶಿವಣ್ಣ?"

"ನನಗೆ ಕಾಣಲ್ಲ," ಅಂದ ಅಪ್ಪ, ಇಂಜಿನ್ನಿನ ಸದ್ದಿನ ಮೇಲೆ, ಬೀದಿಗೆ ಕೇಳುವ ಹಾಗೆ. "ಪುಟ್ಟೀನ ಕೇಳಿ."

ಗೋವಿಂದಪ್ಪ ಫುಟ್‌ಬೋರ್ಡ್ ಹತ್ತಿ ಕಿಟಕಿಯಲ್ಲಿ ತಲೆ ಹಾಕಿದ. ದೀಪ ಅವನಿಂದ ಒಂದು ಮೊಳ ದೂರದಲ್ಲಿತ್ತು, ಬಗ್ಗಿದ್ದರೆ ಅವನೇ ನೋಡಬಹುದಿತ್ತು. ಬಗ್ಗಲಿಲ್ಲ.

"ಏನಮ್ಮಾ, ಆರಿತಾ?"

ನಾನು ಎರಡೂ ಅಂಗೈಗಳನ್ನು ದೀಪದ ಸುತ್ತ ಮರೆ ಹಿಡಿದು, ಮುಖ ಹತ್ತಿರ ತಂದು ನೋಡಿದೆ. ಸಣ್ಣಗೆ ಉರಿಯುತ್ತಲೇ ಇತ್ತು, ಆರಿರಲಿಲ್ಲ. ಇನ್ನೂ ಇಲ್ಲ ಅಂದೆ. ಇಬ್ಬರೂ ಕಾದರು.